ಹಗೇವಿಗೆ ಇಳಿದ ವ್ಯಾಪಾರಿ

"ನಿಲ್ರೀ! ಸಾರಣಿ ಹಸೀ ಐತಿ!"

ನೀಲವ್ವ ಕೂಗುವಷ್ಟರಲ್ಲಿ ಅವನು ಸೆಗಣಿಯಲ್ಲಿ ಜಾರಿ ಕೂತಾಗಿತ್ತು. ಕೂತಲ್ಲಿಂದಲೇ ತಲೆಯೆತ್ತಿ ನೋಡಿದ. ಅವಳೂ ನೋಡಿದಳು... ನಗು ತಡೆಯಲಾಗಲಿಲ್ಲ!

ಮನೆ ಕೊಳ್ಳಲು ರೋಣದಿಂದ ಬಂದ ಜೋಳದ ವ್ಯಾಪಾರಿ ಶಿವನಪ್ಪ ಇವನೇ. ಅದು 1954ರ ಬೇಸಿಗೆ. ನರಗುಂದದ ಆ ಮನೆಯಲ್ಲಿ ಇದ್ದವರು ನೀಲವ್ವ ಮತ್ತು ತಾಯಿ ಹೊನ್ನವ್ವ ಇಬ್ಬರೇ. ಗಂಡುದಿಕ್ಕಿಲ್ಲ ಎಂದು ಹೊನ್ನವ್ವ ಮನೆ ಮಾರಿ ಜಕ್ಕಲಿಯ ತಮ್ಮನ ಹತ್ತಿರ ಹೋಗಲು ನಿಂತಿದ್ದಳು. ಮೂರು ದಿನದಿಂದ ಸುಣ್ಣ, ಸಾರಣೆ ನಡೆದಿತ್ತು. ಸೋರುವ ಮೂಲೆ ಕಾಣದಂತೆ ಹಾಸಿಗೆ ಪೇರಿಸಿದ್ದಳು, ಜಾಣೆ!

ನೀಲವ್ವನಿಗೋ ಹುಟ್ಟಿದ ಮನೆ ಬಿಡುವುದೆಂದರೆ ಜೀವ ಹೋದಂತೆ. ಅವಳ ತಯಾರಿಯೇ ಬೇರೆ ಇತ್ತು.

ಕೈಕಾಲು ತೊಳೆದುಕೊಂಡ ಶಿವನಪ್ಪ, "ಮದಲ ಹಗೇವು ತೋರಸ್ರಿ," ಎಂದ. ಅಂಗಳದಡಿಯ ಆ ಕಾಳಿನ ಗುಳಿಗಾಗಿಯೇ ಅವನು ಬಂದಿದ್ದು. ಅದರಲ್ಲಿ ತೇವವಿದ್ದರೆ ಜೋಳ ಕೆಡುತ್ತದೆ, ಆಗ ಮನೆಯೂ ಬೇಡ.

ಒಳಗೆ ಕೆಟ್ಟ ಗಾಳಿ ಇದೆಯೇ ಎಂದು ನೋಡಲು ಮೊದಲು ಕಂದೀಲು ಇಳಿಬಿಟ್ಟ. ದೀಪ ಆರಲಿಲ್ಲ, ತಾನೂ ಇಳಿದ. ಮೇಲೆ ನೀಲವ್ವ ಅವನ ದನಿಗೆ ಕಿವಿಗೊಟ್ಟು ಕಾದಳು...

"ಅಯ್ಯಯ್ಯ, ನೀರ ನಿಂತೈತ್ರೀ!"

"ನಲವತ್ತ ವರ್ಷದಾಗ ಒಂದ ಹನಿ ಕಂಡಿಲ್ಲ ಅದು!" ಹೊನ್ನವ್ವ ಎದೆ ಬಡಿದುಕೊಂಡಳು.

ಮೇಲೆ ಬಂದ ಶಿವನಪ್ಪ ಒದ್ದೆ ಕೈ ಮೂಸಿ ನೋಡಿದ. "ನೆಲದ ನೀರಿಗೆ ಸೀಗಿಕಾಯಿ ವಾಸನಿ ಇರತೈತೇನ್ರಿ?" ಎಂದು ನೀಲವ್ವನ ಹಸಿ ಕೂದಲನ್ನೇ ದಿಟ್ಟಿಸಿದ.

ಅಯ್ಯೋ, ಸಿಕ್ಕಿಬಿದ್ದೆ!

"ನಾನ ಹಾಕೀನ್ರಿ... ತಲಿ ಎರಕೊಂಡ ನೀರು. ಚಲೋ ನೀರ ಚೆಲ್ಲಾಕ ಮನಸ್ಸ ಬರಲಿಲ್ಲ." ಅವಳ ಕಣ್ಣು ತುಂಬಿತು. "ಈ ಮನಿ ಬಿಟ್ಟ ನಾ ಬದುಕಂಗಿಲ್ರಿ!"

"ಹುಚ್ಚಿ! ನನಗರ ಮಾರೋ ಆಸೆ ಐತೇನ? ಮನ್ಯಾಗ ಒಬ್ಬ ಗಂಡಸ ಇದ್ದಿದ್ರ ಯಾಕ ಮಾರತಿದ್ದೆ?" ಹೊನ್ನವ್ವನೂ ಅತ್ತುಬಿಟ್ಟಳು.

ಶಿವನಪ್ಪ ಧೋತರ ಹಿಂಡುತ್ತ ನಿಂತ. ಜಾರಿ ಬಿದ್ದಾಗ ಕಂಡ ಅವಳ ನಗು ಇನ್ನೂ ಕಣ್ಣಿಂದ ಮರೆಯಾಗಿರಲಿಲ್ಲ. ಈಗ ಹೇಳದಿದ್ದರೆ ಇನ್ನೆಂದೂ ಇಲ್ಲ ಅನ್ನಿಸಿತು.

"ಅವ್ವಾರ, ಮನಿ ನನಗ ಬ್ಯಾಡ್ರಿ. ನಾವು ಐದು ಮಂದಿ ಅಣ್ಣತಮ್ಮಂದಿರು. ನೀವು ಒಪ್ಪಿದ್ರ... ನಾ ಮನಿ ಅಳ್ಯಾ ಆಗಿ ಬರತೀನ್ರಿ. ಅಪ್ಪನ್ನ ಮಾತಾಡಾಕ ಕಳಸ್ಲೇನ್ರಿ?"

ಹೊನ್ನವ್ವನ ಅಳು ಅಲ್ಲೇ ನಿಂತಿತು. "ನನ್ನ ಕೇಳಬ್ಯಾಡ್ರಿ, ಅಕೀನ್ನ ಕೇಳ್ರಿ," ಎನ್ನುತ್ತ ಚಹಾ ಕಾಸುವ ನೆಪದಲ್ಲಿ ಒಳಗೆ ಓಡಿದಳು.

"ಮನಿ ಆಸೇಕ ಕೇಳಾಕತ್ತೀರೇನ್ರಿ?" ನೀಲವ್ವ ತಲೆ ತಗ್ಗಿಸಿಯೇ ಕೇಳಿದಳು.

"ಮನಿ ಇಲ್ದಿದ್ರೂ ಕೇಳತಿದ್ದೆ. ನೀವು ಜಕ್ಕಲಿಗೆ ಹೋದ್ರ ಅಲ್ಲಿಗೇ ಬಂದು ಕೇಳತಿದ್ದೆ."

ಅವಳಿಗೆ ಮೈಯೆಲ್ಲ ಬೆಚ್ಚಗಾಯಿತು. "ನೀವ ಜೋಡಿಗಿದ್ರ... ಜಕ್ಕಲಿ ಆದ್ರೂ ನಡೀತೈತ್ರಿ."

ಅಡುಗೆಮನೆಯಿಂದ ಹೊನ್ನವ್ವನ ದನಿ ಬಂತು. "ಹಂಗಾದ್ರ ಮಾರಿಬಿಡ್ಲೇನ?"

"ಬ್ಯಾಡ!" ಎಂದು ಇಬ್ಬರೂ ಒಟ್ಟಿಗೇ ಕೂಗಿದರು.