ನೀಲಿಗಣ್ಣಿನ ಅಮಾನತ್ತು

ಭಾರತದ ಸೈನ್ಯ ಬಂದು ನಿಜಾಮನ ಆಳಿಕೆ ಮುಗಿಸಿದ ಪೊಲೀಸ್ ಆಕ್ಷನ್ ಆದ ಐದನೆಯ ದಿನ, ಹಲಬರ್ಗಾ ಆಚೆಯ ಒಂದು ಹಳ್ಳಿಯಲ್ಲಿ, ದರ್ಜಿ ರಶೀದ ಅಹ್ಮದನನ್ನು ಬಾವಿಗೆ ನೂಕಿ ಕೊಂದರು. ಅವನು ನಿಜಾಮನ ಪರವಾಗಿ ಊರು ಸುಲಿದ ರಜಾಕಾರರ ಪೈಕಿ ಆಗಿರಲಿಲ್ಲ. ನೂಕಿದವರಲ್ಲಿ ಇಬ್ಬರು ಅವನೇ ಹೊಲಿದ ಅಂಗಿ ತೊಟ್ಟಿದ್ದರು.

ಅಂದು ಸಂಜೆಯೇ ಅವನ ಹೆಂಡತಿ ಖುರ್ಷಿದ ಬೇಗಂ ಮದುವೆಯ ವಯಸ್ಸಿನ ಮಗಳು ಗುಲಶನಳ ಕೈಹಿಡಿದು ಬೀದರಿಗೆ ಹೊರಟಳು. ಹೊರಡುವ ಮೊದಲು ನೆರೆಮನೆಯ ತರುಣ ಪಂಢರಿಯ ಕೈಯಲ್ಲಿ ಮನೆಯ ಕೀಲಿಕೈಯನ್ನೂ ಮೂರು ವಾರದ ಬೆಕ್ಕಿನ ಮರಿಯನ್ನೂ ಇಟ್ಟು, "ಅಮಾನತ್ತು ಅದ, ಬೇಟಾ" ಅಂದಳು. ಅಮಾನತ್ತೆಂದರೆ ಆ ಸೀಮೆಯಲ್ಲಿ ಇಟ್ಟದ್ದನ್ನೇ ಮರಳಿ ಕೊಡಬೇಕು. ಅಂಥದ್ದೇ ಇನ್ನೊಂದು ಕೊಟ್ಟರೂ ಅದು ಮೋಸವೇ.

ನಾಲ್ಕು ತಿಂಗಳ ಮೇಲೆ ಗುಲಶನ ಒಬ್ಬಳೇ ಹಲಬರ್ಗಾ ಸ್ಟೇಷನ್ನಿನಲ್ಲಿ ಇಳಿದು ನಡೆದು ಬಂದಳು. ತಾಯಿ ಬೀದರಿನಲ್ಲಿ ಜ್ವರಕ್ಕೆ ತೀರಿಹೋಗಿದ್ದಳು. ತನ್ನದು ಅನ್ನಲಿಕ್ಕೆ ಅವಳಿಗೆ ಉಳಿದದ್ದು ಎರಡು ಕೋಣೆಯ ಆ ಮನೆ ಒಂದೇ. "ಆ ಊರಾಗ ಯಾರನ್ನೂ ನಂಬಬ್ಯಾಡ" ಎಂದು ಚಿಕ್ಕಮ್ಮ ಮಹಮೂದಾ ಬೇಗಂ ಹತ್ತು ಸಲ ಹೇಳಿ ಕಳಿಸಿದ್ದಳು.

ಬಾಗಿಲಲ್ಲಿ ಅವಳನ್ನು ಕಂಡ ಪಂಢರಿ ಒಳಗೋಡಿ ಕೀಲಿಕೈ ತಂದ, ಕಂಕುಳಲ್ಲಿ ಬೆಕ್ಕನ್ನೂ ತಂದ. ಮೈ ಬಿಳಿ, ಬಾಲ ಕರಿ. ಕಣ್ಣು ಮಾತ್ರ ಹಳದಿ.

"ಇದು ನಮ್ಮ ನೀಲಮ್ ಅಲ್ಲ್ರಿ."

"ಅದೇ ಅದ."

"ನೀಲಮ್‌ನ ಕಣ್ಣು ನೀಲಿ ಇದ್ವು. ಅದಕ್ಕೇ ಅಮ್ಮೀ ಆ ಹೆಸರು ಇಟ್ಟಿದ್ಲು. ಕರಿ ಬಾಲದ್ದು ಊರಾಗ ನೂರು ಸಿಗ್ತಾವ್ರಿ."

"ಗುಲಶನ, ಯಾವಾಗಿಂದ ನನಗ 'ರಿ' ಹಚ್ಚಿ ಮಾತಾಡ್ಲಿಕತ್ತಿ?"

"ನಮ್ಮ ಅಬ್ಬಾ ಬಾವಿಗೆ ಬಿದ್ದ ದಿನದಿಂದ್ರಿ."

ರಶೀದ ಸತ್ತ ದಿನ ಹಗಲೆಲ್ಲ ಪಂಢರಿ ಭಾಲ್ಕಿಯ ದನದ ದವಾಖಾನೆಯಲ್ಲಿ ಕೆಲಸದ ಮೇಲಿದ್ದ. ಅದು ಅವಳಿಗೂ ಗೊತ್ತಿತ್ತು. ಗೊತ್ತಿದ್ದೂ ಅಂದಳು. ಬೆಕ್ಕನ್ನೇ ಬದಲಿಸಿದವನು ನಾಳೆ ಮನೆಯನ್ನು ಉಳಿಸಿಕೊಟ್ಟಾನೇ ಎಂಬುದೊಂದೇ ಅವಳ ಎದೆಯಲ್ಲಿ ಕುದಿಯುತ್ತಿತ್ತು.

ಪಂಢರಿ ಸಿಟ್ಟಾಗಲಿಲ್ಲ. ಅವಳನ್ನು ಹಿತ್ತಲಿನ ಕುರಿದೊಡ್ಡಿಗೆ ಕರೆದೊಯ್ದ. ಹುಲ್ಲಿನ ಮೇಲೆ ಪಂಢರಿಯ ಮನೆಯ ಹಳೇ ತಾಯಿಬೆಕ್ಕು ಮತ್ತೆ ಮರಿ ಹಾಕಿಕೊಂಡು ಮಲಗಿತ್ತು. ಆಗತಾನೇ ಕಣ್ಣು ಬಿಟ್ಟಿದ್ದ ಮರಿಗಳು. ಎಲ್ಲವಕ್ಕೂ ನೀಲಿಗಣ್ಣು.

"ಹುಟ್ಟಿದ ಮರಿ ಕಣ್ಣಾಗ ಬಣ್ಣ ಇರಂಗಿಲ್ಲ. ಬೆಳಕು ಒಳಗ ಹೋಗಿ ಚದುರತದ, ನಮಗ ನೀಲಿ ಕಾಣತದ. ಆಕಾಶಕ್ಕ ಯಾರಾರ ಬಣ್ಣ ಹಚ್ಚ್ಯಾರೇನು? ಹಂಗ. ಒಂದೂವರೆ, ಎರಡು ತಿಂಗಳಾಗೋ ಹೊತ್ತಿಗೆ ಖರೇ ಬಣ್ಣ ಕೂಡಲಿಕ್ಕೆ ಸುರುವಾಗತದ. ಕೆಲವಕ್ಕ ಹಳದಿ, ಕೆಲವಕ್ಕ ಹಸಿರು. ನಮ್ಮ ಡಾಕ್ಟರ್ ಸಾಬ್ರು ಹೇಳ್ಯಾರ."

ಒಳಗಿನಿಂದ ಅವನ ತಾಯಿ ಸಖುಬಾಯಿ ಕೂಗಿದಳು: "ನನ್ನ ಮಗನೂ ಹುಟ್ಟಿದಾಗ ಬೆಳ್ಳಗ ಇದ್ದನವ್ವ! ಈಗ ನೋಡು, ರೊಟ್ಟಿ ಹಂಚಿನ ತಳ!"

ಗುಲಶನಳಿಗೆ ನಗು ಬಂತು. ನುಂಗಿಕೊಂಡಳು. "ಡಾಕ್ಟರ್ ಹೇಳಿದ್ರ ನಾ ನಂಬಂಗಿಲ್ರಿ. ನನ್ನ ಕಣ್ಣಿಲೆ ನೋಡಬೇಕು."

"ಹಂಗಾರ ನಿಂದ್ರು. ನೋಡು."

ಎರಡು ದಿನಕ್ಕೆಂದು ಬಂದವಳು ನಿಂತಳು. ಬರಿದಾಗಿದ್ದ ತನ್ನ ಮನೆಯ ಬೀಗ ತೆರೆದು, ಕಸ ಗುಡಿಸಿ, ಒಲೆ ಹಚ್ಚಿದಳು. ಪಂಢರಿ ದಿನಾ ಬೆಳಿಗ್ಗೆ ಭಾಲ್ಕಿಗೆ ಹೋಗುವ ಮುಂಚೆ ಒಂದು ಮರಿಯನ್ನೆತ್ತಿ ಬಿಸಿಲಿಗೆ ಹಿಡಿಯುತ್ತಿದ್ದ. ಇಬ್ಬರೂ ಬಗ್ಗಿ ನೋಡುತ್ತಿದ್ದರು.

"ಇವತ್ತೂ ನೀಲಿನೇ ಅದಾವ್ರಿ."

"ನೀ ಇಷ್ಟ ಹತ್ತಿರ ಬಂದು ನೋಡಿದ್ರ ಅದಕ್ಕ ನಾಚಿಕಿ ಬರತದ. ಬಣ್ಣ ಹ್ಯಾಂಗ ಬದಲಾಗಬೇಕು?"

"ನಾಚಿಕಿ ಮರಿಗೋ, ಹಿಡಕೊಂಡವರಿಗೋ?"

ಅವನು ಮರಿಯನ್ನು ಇಳಿಸಿ, ಸೈಕಲ್ ಹತ್ತಿ, ಭಾಲ್ಕಿಗೆ ಬೆನ್ನು ಮಾಡಿ ಹೊರಟುಬಿಟ್ಟ. ಸಖುಬಾಯಿ ಕೂಗಿ ತಿರುಗಿಸಬೇಕಾಯಿತು. ಗುಲಶನ ಬಾಯಿಗೆ ಸೆರಗು ಒತ್ತಿ ಹಿಡಿದು ಒಳಗೋಡಿದಳು.

ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ನೀಲಿಯ ನಡುವೆ, ಪಾಪೆಯ ಸುತ್ತ, ಎಳೆ ಹಳದಿಯ ಉಂಗುರವೊಂದು ಮೂಡಿತ್ತು. ಗುಲಶನ ಉಸಿರು ಹಿಡಿದು ನೋಡಿದಳು. ಆಮೇಲೆ ಮರಿಯನ್ನು ಬಿಟ್ಟು ಅವನನ್ನು ನೋಡಿದಳು. ರೆಪ್ಪೆಗೆ ದೊಡ್ಡಿಯ ಧೂಳು, ಗದ್ದದ ಮೇಲೆ ಮರಿ ಪರಚಿದ ಗೀರು.

"ಪಂಢರಿ," ಅಂದಳು, "ನನ್ನದು ತಪ್ಪಾತು. ನೀ ಏನೂ ಬದಲಿ ಮಾಡಿಲ್ಲ."

ಅವನ ಕಣ್ಣು ತುಂಬಿದ್ದವು. "ನೀ ಅಂದಿ. 'ರಿ' ಹೋತು," ಅಂದ. ಇನ್ನೇನೋ ಹೇಳಹೋಗಿ, ಮರಿಯನ್ನು ಅವಳ ಕೈಗಿಟ್ಟು ಸೈಕಲ್ ಹತ್ತಿದ.

ಅದೇ ವಾರ ಊರ ಪಾಟೀಲ ಮಲ್ಲಿಕಾರ್ಜುನಪ್ಪ ತಹಸೀಲಿನ ಗುಮಾಸ್ತನನ್ನು ಕರೆದುಕೊಂಡು ಬಂದ. ಗುಲಶನಳ ಮನೆಯ ಮೇಲೆ ಅವನಿಗೆ ಮೊದಲಿನಿಂದ ಕಣ್ಣು. ವಾರಸುದಾರರು ದೇಶ ಬಿಟ್ಟುಹೋದ ಮನೆ ಸರ್ಕಾರದ್ದಾಗುತ್ತದೆ, ಸರ್ಕಾರದ್ದಾದರೆ ಪಾಟೀಲನದಾಗಲಿಕ್ಕೆ ಹೆಚ್ಚು ದಿನ ಬೇಡ. ಪಂಚನಾಮೆ ಬರೆದಾಗಿತ್ತು. ನೆರೆಮನೆಯವನ ಸಹಿಯೊಂದೇ ಬಾಕಿ.

ಪಂಢರಿ ಕಾಗದ ತೆಗೆದುಕೊಂಡು ಗಟ್ಟಿಯಾಗಿ ಓದಿದ: "ಮನೆಯವರೆಲ್ಲ ಪಾಕಿಸ್ತಾನಕ್ಕೆ ಹೋಗಿದ್ದಾರೆ. ವಾರಸುದಾರರು ಯಾರೂ ಹಾಜರಿಲ್ಲ."

ಹತ್ತು ಹೆಜ್ಜೆ ದೂರದಲ್ಲಿ, ತನ್ನ ಹೊಸ್ತಿಲ ಒಳಗೆ, ಗುಲಶನ ಹಿಟ್ಟಿನ ಕೈಯಲ್ಲಿ ನಿಂತಿದ್ದಳು. ಅವನು ಸಹಿ ಹಾಕಿದರೆ ಅವಳು ಈ ಲೋಕದಲ್ಲಿ ಎಲ್ಲಿಯೂ ಇಲ್ಲ.

"ಸಹಿ ಮಾಡೋ," ಪಾಟೀಲ ಅಂದ. "ಸರ್ಕಾರಿ ನೌಕರಿ ಅದ ನಿಂದು. ಹೋದ್ರ ಮತ್ತ ಸಿಗಂಗಿಲ್ಲ."

"ಮಾಡಂಗಿಲ್ರಿ. ಮನಿ ಮಗಳು ಮನಿಯಾಗೇ ಅದಾಳ."

"ಆಕಿ ನಿನಗ ಏನಾಗಬೇಕಲೇ?"

ಪಂಢರಿ ಕಾಗದವನ್ನು ಗುಮಾಸ್ತನ ಮುಂದಿಟ್ಟ. "ಇನ್ನಾ ಕೇಳಿಲ್ರಿ. ಆಕಿ ಹೂಂ ಅಂದ್ರ ಹೇಳ್ತೇನಿ."

ಪಾಟೀಲ ಬಡಿಗೆ ಎತ್ತಿ ಹೊಸ್ತಿಲ ಕಡೆ ತೋರಿಸಿದ. "ಏ ಹುಡುಗಿ, ಬಾಗಲಾ ಹಾಕ್ಕೊಂಡು ಒಳಗ ನಡಿ!"

ಗುಲಶನ ಹೊಸ್ತಿಲು ದಾಟಿ ಬೀದಿಗೆ ಇಳಿದಳು.

"ಹೋಗಂಗಿಲ್ರಿ," ಅಂದಳು. "ಪಂಢರಿ, ಕೇಳೋದಿದ್ರ ಇಲ್ಲೇ ಕೇಳು."