ಸರ್ವರ್ ಡೌನ್ ಆಗದ ದಿನ

ಜುಲೈ ಹನ್ನೊಂದರ ಬೆಳಿಗ್ಗೆ ಅಳದಂಗಡಿಯ ಸರಸ ತಮ್ಮ ಮಗಳು ಸಾತ್ವಿಕಾಳೊಂದಿಗೆ ಬೆಳ್ತಂಗಡಿ ಠಾಣೆಗೆ ಬಂದು ದೂರು ಕೊಟ್ಟರು. ಪಶುವೈದ್ಯಕೀಯ ಸೀಟಿಗೆ ಸಾಕಾಗುವ ರ‍್ಯಾಂಕ್ ಮಗಳಿಗಿತ್ತು. ಆಯ್ಕೆ ದಾಖಲಿಸುವ ಕೊನೆಯ ದಿನ ಉಜಿರೆಯ ಟ್ಯೂಷನ್ ಕೇಂದ್ರದ ಲ್ಯಾಬಿಗೆ ಹೋದರೆ ಸೀಟು ಹಂಚಿಕೆಯ ಜಾಲತಾಣ ತೆರೆಯಲೇ ಇಲ್ಲ. ಸೀಟು ಕೈತಪ್ಪಿತು. ಅವಳು ಹೊರಟ ಮೇಲೆ ಬಂದ ಗೆಳತಿ ಪಕ್ಕದ ಕಂಪ್ಯೂಟರಿನಲ್ಲಿ ಸಲೀಸಾಗಿ ಕೆಲಸ ಮುಗಿಸಿದ್ದು ಹಿಂದಿನ ದಿನವಷ್ಟೇ ತಿಳಿದಿತ್ತು.

"ಫೋನಿನಲ್ಲಿ ನೋಡಲಿಲ್ವಾ?" ಇನ್‌ಸ್ಪೆಕ್ಟರ್ ಕಾಂತಿ ಕೇಳಿದರು.

"ಸರ್ವರ್ ಡೌನ್, ಡೇಟ್ ಮುಂದೆ ಹಾಕ್ತಾರೆ, ಮನೆಗೆ ಹೋಗು ಅಂತ ಶಂಭು ಮಾವ ಹೇಳಿದ್ರು ಮೇಡಂ. ಆ ಕಂಪ್ಯೂಟರಿನಲ್ಲಿ ಕೂತುಕೋ ಅಂದದ್ದೂ ಅವರೇ."

"ಲ್ಯಾಬಿನ ಮಾಸ್ಟ್ರು. ನನ್ನ ಚಿಕ್ಕಮ್ಮನ ಮಗ," ಎಂದರು ಸರಸ.

ಪಡಿತರಕ್ಕೆ ಹೋದರೂ ಪಹಣಿಗೆ ಹೋದರೂ ಸರ್ವರ್ ಡೌನ್. ಕೇಳಿ ತಲೆಯಾಡಿಸಿ ಮನೆಗೆ ಹೋಗುವುದು ನಮ್ಮ ಜನರಿಗೆ ರೂಢಿಯಾಗಿಬಿಟ್ಟಿದೆ. ಕಾಂತಿಗೆ ಮೈಯುರಿದದ್ದು ಇದಕ್ಕೇ. ಎಫ್‌ಐಆರ್ ದಾಖಲಿಸಿ ಅಂದೇ ಉಜಿರೆಗೆ ಹೊರಟರು.

ಪಂಚರ ಎದುರು ಹೆಡ್ ಕಾನ್‌ಸ್ಟೇಬಲ್ ಜಯಪ್ರಕಾಶ್ ಆ ಕಂಪ್ಯೂಟರಿನಲ್ಲಿ ಜಾಲತಾಣದ ಹೆಸರು ಒತ್ತಿದರು.

"ಸರ್ವರ್ ಡೌನ್ ಮೇಡಂ."

"ನೀವೂ ಅದನ್ನೇ ಹೇಳ್ತೀರಲ್ಲ ಮಾರಾಯ್ರೆ. ಪಕ್ಕದ್ದರಲ್ಲಿ ನೋಡಿ."

ಪಕ್ಕದ್ದರಲ್ಲಿ ತಕ್ಷಣ ತೆರೆಯಿತು. ಜಯಪ್ರಕಾಶ್ ತಲೆ ಕೆರೆದುಕೊಂಡರು.

ಸೈಬರ್ ವಿಭಾಗದ ಉಜ್ವಲ್ ಆ ಕಂಪ್ಯೂಟರನ್ನು ನಡೆಸುವ ಲಿನಕ್ಸಿನ ಹೋಸ್ಟ್ಸ್ ಫೈಲ್ ತೆರೆದು ತೋರಿಸಿದ. ಯಾವ ಜಾಲತಾಣ ಯಾವ ವಿಳಾಸದಲ್ಲಿದೆ ಎಂದು ಕಂಪ್ಯೂಟರ್ ಮೊದಲು ನೋಡುವುದು ಅಲ್ಲಿ. ಯಾರೋ ಒಂದು ಸಾಲು ಸೇರಿಸಿದ್ದರು: ಸೀಟಿನ ಜಾಲತಾಣ ಕೇಳಿದರೆ ಬೇರೆಲ್ಲೂ ಹೋಗದೆ ಈ ಕಂಪ್ಯೂಟರಿನಲ್ಲೇ ಹುಡುಕು. ಇಲ್ಲಿ ಆ ಜಾಲತಾಣ ಇಲ್ಲದ್ದರಿಂದ ಅದು ತೆರೆಯುತ್ತಲೇ ಇರಲಿಲ್ಲ. ಅಡ್ಮಿನ್ ಅಧಿಕಾರವಿಲ್ಲದೆ ಆ ಫೈಲ್ ತಿದ್ದಲಾಗುವುದಿಲ್ಲ. ಪಂಚನಾಮೆ ಬರೆದು ಹಾರ್ಡ್ ಡಿಸ್ಕ್ ವಶಕ್ಕೆ ಪಡೆದರು. ಸಂಜೆ ಶಂಭುವನ್ನು ಠಾಣೆಗೆ ಕರೆಸಿದರು.

"ಅಡ್ಮಿನ್ ಪಾಸ್‌ವರ್ಡ್ ಯಾರಿಗೆ ಗೊತ್ತುಂಟು?"

"ಎಲ್ಲ ಮಾಸ್ಟ್ರುಗಳಿಗೂ ಗೊತ್ತುಂಟು ಮೇಡಂ."

"ಅಡ್ಮಿನ್ ಅಧಿಕಾರ ಪಡೆಯುವ ಸುಡೊ ಆಜ್ಞೆ ಬಳಸಿದ್ರೆ ಯಾರ ಲಾಗಿನ್‌ನಿಂದ ಅಂತ ಕಂಪ್ಯೂಟರಿನ ಲಾಗ್‌ನಲ್ಲಿ ಉಳೀತದೆ. ಇಲ್ಲಿ ಉಳಿದದ್ದು ನಿಮ್ಮ ಸ್ವಂತ ಲಾಗಿನ್. ಅದರ ಪಾಸ್‌ವರ್ಡ್?"

ಶಂಭು ನೆಲ ನೋಡಿದ. "ನನಗೆ ಮಾತ್ರ."

"ಆಮೇಲಾದರೂ ಆ ಸಾಲು ಯಾಕೆ ತೆಗೆಯಲಿಲ್ಲ?"

"ಅಲ್ಲಿ ಕೂತವರೆಲ್ಲ ಸರ್ವರ್ ಡೌನ್ ಅಂತ ಎದ್ದು ಹೋಗ್ತಿದ್ರು. ಒಬ್ಬರೂ ಕೇಳಲಿಲ್ಲ."

ಕಾಂತಿ ಮೇಜು ಗುದ್ದಿದರು. ಎಂಥ ಧೈರ್ಯ! ಮಾವ ಎಂದು ನಂಬಿ ಬಂದ ಹುಡುಗಿಯನ್ನು ತಾನೇ ಕೂರಿಸಿ, ತಾನೇ ಸಮಾಧಾನ ಹೇಳಿ ಬಸ್ಸು ಹತ್ತಿಸಿದ್ದ.

"ಯಾಕೆ ಮಾಡಿದಿರಿ?"

"ನನ್ನ ಮಗಳು ವಿಸ್ಮಿತಾಗೂ ಅದೇ ಸೀಟು ಬೇಕಿತ್ತು. ಇಬ್ಬರದ್ದೂ ಒಂದೇ ಮೀಸಲಾತಿ, ಸಾತ್ವಿಕಾಳದ್ದು ಸ್ವಲ್ಪ ಮುಂದಿನ ರ‍್ಯಾಂಕ್. ಅವಳು ತಪ್ಪಿದ್ರೆ ನನ್ನ ಮಗಳಿಗೆ ಸಿಗ್ತಿತ್ತು."

ಅಂದೇ ಬಂಧನವಾಯಿತು. ಅಪ್ಪನಿಗೆ ಬಟ್ಟೆ ತಂದ ವಿಸ್ಮಿತಾಳ ಹೇಳಿಕೆಯನ್ನೂ ಕಾಂತಿ ಪಡೆದರು.

"ನಾನು ಪಶುವೈದ್ಯಕೀಯ ಹಾಕಲೇ ಇಲ್ಲ ಮೇಡಂ," ಎಂದಳು ಹುಡುಗಿ. "ನನಗೆ ಬಿಕಾಂ ಮಾಡ್ಲಿಕ್ಕೆ ಇತ್ತು. ಅಪ್ಪನ ಹತ್ರ ಹೇಳ್ಲಿಕ್ಕೆ ಹೆದರಿಕೆ ಆಯ್ತು."

ಲಾಕಪ್ಪಿನಲ್ಲಿದ್ದ ಶಂಭುವಿಗೆ ಅದು ಸ್ಪಷ್ಟವಾಗಿ ಕೇಳಿಸಿತು. ಸಾತ್ವಿಕಾಳ ಸೀಟು ಅಷ್ಟರಲ್ಲಿ ಯಾವುದೋ ಊರಿನ ಯಾರಿಗೋ ಹೋಗಿತ್ತು. ಅದನ್ನು ವಾಪಸ್ ಕೊಡಿಸುವ ಸೆಕ್ಷನ್ ಕಾಂತಿಯವರಿಗೆ ಯಾವ ಕಾನೂನಿನಲ್ಲೂ ಸಿಗಲಿಲ್ಲ.