ಬಾಗಿಲ ಸಂದಿಯ ಕಾಗದ

“ಆ ಸಿಗಾರ್ ಆರಿಸಿ! ಈಗಲೇ!”

ಲೌಂಜಿನ ಮಾಲೀಕ ತಿರುಗಿ ನೋಡಿದ. ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರ್ ಅವನ ಭುಜಕ್ಕೂ ಬರುತ್ತಿರಲಿಲ್ಲ. ದನಿ ಮಾತ್ರ ಸೂರು ಹಾರಿಸುವಂತಿತ್ತು.

“ಮೇಡಂ, ಇದು ಸಿಗಾರ್ ಸೇದೋ ಜಾಗಾನೇ.”

“ಸೇದೋ ಕೋಣೆ ಅದು. ನೀವು ನಿಂತಿರೋದು ಕೆಲಸದವರು ಓಡಾಡೋ ಹಾಲ್‌ನಲ್ಲಿ!”

ಅವಳು ಕೋಣೆಯ ಬಾಗಿಲು ಮುಚ್ಚಿ, ಸಂದಿಗೆ ತೆಳು ಕಾಗದದ ಪಟ್ಟಿ ಹಿಡಿದಳು. ಅದು ಕೋಣೆಯ ಕಡೆ ಬಾಗಿದರೆ ಹೊಗೆ ಒಳಗೇ ಉಳಿಯುತ್ತದೆಂದು ಅರ್ಥ. ಪಟ್ಟಿ ಹಾಲಿನ ಕಡೆಗೆ ಹಾರಿತು. ಕೌಂಟರಿನಲ್ಲಿದ್ದ ಅವನ ಅಕ್ಕ ಕೆಮ್ಮಿದಳು.

“ಮೂರು ತಿಂಗಳು ಸಮಯ. ಸರಿಹೋಗದಿದ್ರೆ ಲೈಸೆನ್ಸ್ ರದ್ದು.”

“ಕಾಗದದ ಚೂರಿಗೆಲ್ಲ ಹೆದರಲ್ಲ ನಾನು.”

ಕೊನೆಗೆ ಹೆದರಿದ್ದು ಇನ್‌ಸ್ಪೆಕ್ಟರೇ. ಅವಳು ಪ್ರತಿ ವಾರ ತಪಾಸಣೆಗೆ ಬಂದಾಗಲೂ ಅವನು ಏಣಿಯ ಮೇಲೆ, ಹೊಗೆ ಹೊರಹಾಕುವ ಫ್ಯಾನ್ ಬಿಚ್ಚಿಕೊಂಡು, ಮೂಗಿಗೆ ಮಸಿ ಮೆತ್ತಿಕೊಂಡಿರುತ್ತಿದ್ದ.

“ಅಕ್ಕನ ಕೆಮ್ಮು ಅಭ್ಯಾಸ ಆಗ್ಬಿಟ್ಟಿತ್ತು ಮೇಡಂ. ನೀವು ಬಂದ್ಮೇಲೇ ಕಿವಿಗೆ ಬಿದ್ದಿದ್ದು.”

ಅಂದು ಅವಳು ಹಿಡಿದ ಪಟ್ಟಿ ತುಸು ಒಳಕ್ಕೆ ಬಾಗಿದಂತೆ ಕಂಡಿತು. ‘ಅಯ್ಯೋ... ಇದು ನಿಜವಾಗ್ಲೂ ಒಳಗೆ ಬಾಗಿತಾ? ಬಾಗಲಿ ಅಂತ ನಾನೇ ಬಯಸಿದ್ನಾ?’

ಕೊನೆಯ ತಪಾಸಣೆಗೆ ನಾಲ್ಕು ದಿನವಿದ್ದಾಗ ಅವನು ಅವಳ ಕಚೇರಿಗೇ ನುಗ್ಗಿದ.

“ನನ್ನ ಫೈಲ್ ಬೇರೆಯವರಿಗೆ ಕೊಟ್ರಂತೆ! ಇಷ್ಟು ದಿನ ಕಾಟ ಕೊಟ್ಟು ಈಗ ಕೈ ತೊಳ್ಕೊಂಡ್ರಾ?”

ಪಕ್ಕದ ಮೇಜಿನ ಹಿರಿಯ ಗುಮಾಸ್ತೆ ಕನ್ನಡಕ ಏರಿಸಿದಳು. “ಕಾರಣ ಓದಿಸಮ್ಮ. ಕಚೇರಿಯವರೆಲ್ಲ ಓದಿ ಆಯ್ತು.”

ಇನ್‌ಸ್ಪೆಕ್ಟರ್ ತಾನು ಮೇಲಧಿಕಾರಿಗೆ ಬರೆದ ಪತ್ರದ ಪ್ರತಿಯನ್ನು ಅವನತ್ತ ತಳ್ಳಿದಳು.

‘ಈ ಲೌಂಜಿನ ಮಾಲೀಕರನ್ನು ನಾನು ಪ್ರೀತಿಸುತ್ತಿದ್ದೇನೆ. ಆದ್ದರಿಂದ ಅವರ ತಪಾಸಣೆಯನ್ನು ನಾನು ಮಾಡುವುದು ಸರಿಯಲ್ಲ.’

ಅವನು ಎರಡು ಸಲ ಓದಿದ.

“ಇದನ್ನ... ನನಗೆ ಹೇಳೋಕೆ ಮುಂಚೆ ಸಾಹೇಬ್ರಿಗೆ ಹೇಳಿದ್ರಾ?”

“ನಿಯಮ ಹಾಗಿದೆ.”

“ಅವರೇನಂದ್ರು?”

“ವಾಪಸ್ ತಗೋ, ಮರ್ಯಾದೆ ಹೋಗುತ್ತೆ ಅಂದ್ರು. ತಗೊಳ್ಳಲ್ಲ ಅಂದೆ!”

“ಹೊಸಬರು ಬಂದಾಗ ಪಟ್ಟಿ ಹೊರಗೆ ಹಾರಿದ್ರೆ?”

“ಲೌಂಜ್ ಮುಚ್ಚಿಸ್ತಾರೆ. ನಾನು ಅಡ್ಡ ಬರಲ್ಲ.” ಅವಳು ಕುರ್ಚಿಯಿಂದ ಎದ್ದಳು. “ಬೀಗ ಹಾಕೋವಾಗ ನಿಮ್ಮ ಪಕ್ಕದಲ್ಲಿ ನಿಂತಿರ್ತೀನಿ. ಸಾಕಾ?”

ಅವನು ಜೇಬಿನಿಂದ ಮುದುಡಿದ ಕಾಗದದ ಪಟ್ಟಿಯೊಂದನ್ನು ತೆಗೆದ. ಮೊದಲ ದಿನ ಅವಳು ಬಿಟ್ಟುಹೋಗಿದ್ದು!

“ಹೆದರಲ್ಲ ಅಂದಿದ್ದು ಸುಳ್ಳು. ಇದು ಒಳಗೆ ಬಾಗಿದ ದಿನ ನೀವು ಬರೋದು ನಿಂತುಹೋಗುತ್ತೆ ಅಂತ ಹೆದರ್ಕೊಂಡೇ ಫ್ಯಾನ್ ಬಿಗೀತಿದ್ದೆ.” ಅವನು ಪಟ್ಟಿಯನ್ನು ಅವಳ ಮೇಜಿನ ಮೇಲಿಟ್ಟ. “ಇನ್ನೊಂದು ಫ್ಯಾನ್ ಉಳಿದಿದೆ. ಏಣಿ ಹಿಡ್ಕೊಳ್ಳೋಕೆ... ಬರ್ತೀಯಾ?”

‘ಮೇಡಂ’, ‘ನೀವು’ ಎಲ್ಲ ಹೋಗಿ ‘ಬರ್ತೀಯಾ’ ಯಾವಾಗ ಬಂತೆಂದು ಅವಳು ಕೇಳಲಿಲ್ಲ.

“ಬರ್ತೀನಿ. ಆದ್ರೆ ಹಾಲ್‌ನಲ್ಲಿ ಸಿಗಾರ್ ಕಂಡ್ರೆ, ಏಣಿ ಬಿಟ್ಟುಬಿಡ್ತೀನಿ ನೋಡು!”